ಖಾಲಾರ ತವರಿನ ಕೋಳಿಗಳು

ಔರಾದ ಸಂತೆಯಲ್ಲಿ ಐದು ಕೋಳಿ ಕೊಂಡು, ಬುಟ್ಟಿಯ ಮೇಲೆ ಹಳೆ ಸೀರೆ ಬಿಗಿದು, ಬೀದರ ಬಸ್ಸು ಹತ್ತಿದೆ. ಕಂಡಕ್ಟರ್ ಅವಕ್ಕೂ ಟಿಕೆಟ್ ಹರಿದ. ವಾದ ಮಾಡಿದೆ, ಸೋತೆ. ಆದರೂ ಚಿದ್ರಿಯಲ್ಲಿ ಇಳಿದು ಮನೆಗೆ ನಡೆಯುವಾಗ ನೆಲ ಕಾಣದಷ್ಟು ಹೆಮ್ಮೆ ನನಗೆ. ಭಾಲ್ಕಿಯ ನನ್ನ ತವರಿನಲ್ಲಿ ಕೋಳಿ ಸಾಕಿದವರು ಒಬ್ಬರೂ ಇಲ್ಲ.

ಪಕ್ಕದ ಮನೆಯ ಖಾಲಾ, ನನಗೆ ಚಿಕ್ಕಮ್ಮನಂಥವರು, ಬಂದು ಬುಟ್ಟಿ ಇಣುಕಿದರು. ನಮ್ಮಿಬ್ಬರ ಹಿತ್ತಲ ನಡುವಿನ ಗೋಡೆ ಅರ್ಧ ಬಿದ್ದು ವರ್ಷಗಳಾಗಿದ್ದವು. ಅವರ ಏಳು ಕೋಳಿಗಳು ದಿನವೂ ಅದನ್ನು ದಾಟಿ ನಮ್ಮ ಅನ್ನದ ಅಗುಳು ಹೆಕ್ಕಲು ಬರುತ್ತಿದ್ದವು. ಖಾಲಾ ಮದುವೆಯಾಗಿ ಬರುವಾಗ ಅವರ ತಾಯಿ ಬಗದಲ್‌ನಿಂದ ಒಂದು ಕರಿ ಹೇಂಟೆ ಕೊಟ್ಟು ಕಳಿಸಿದ್ದರಂತೆ. ಈ ಏಳೂ ಅದರದೇ ಪೀಳಿಗೆ. ತಾಯಿ ತೀರಿಕೊಂಡು, ಬಗದಲ್‌ನ ಮನೆಯೂ ಪರರ ಪಾಲಾಗಿತ್ತು. "ತವರು ಅಂದ್ರ ನನಗ ಈಗ ಇವೇ" ಅನ್ನುತ್ತಿದ್ದರು.

"ಹೊಸಾವು ಹದಿನೈದ್ ದಿನ ಅಲಗ್ ಇಡು ಬೇಟಿ. ಬ್ಯಾನಿ ಇದ್ರ ಅಷ್ಟರಾಗ ಗೊತ್ತಾಗ್ತದ" ಎಂದರು.

ಹೂಂ ಅಂದೆ, ಆದರೆ ಬೇರೆ ಇಡುವ ಮಾತು ಕೇಳಲಿಲ್ಲ. ನಾನು ಸಾಲಿ ಟೀಚರ್. ತರಗತಿಗೆ ಹೊಸ ಮಕ್ಕಳು ಬಂದರೆ ಮೊದಲ ದಿನವೇ ಹಳಬರ ನಡುವೆ ಕೂಡಿಸಿಬಿಡುತ್ತೇನೆ, ಬೇಗ ಹೊಂದಿಕೊಳ್ಳುತ್ತವೆ. ಗೂಡಿನ ಮೂಲೆಯಲ್ಲಿ ಮುದುಡಿ ಕೂತು ಜೋಳದ ನುಚ್ಚನ್ನೂ ಮುಟ್ಟದ ಆ ಐದನ್ನು ನೋಡಲಾಗದೆ ಮರುದಿನವೇ ಹೊರಗೆ ಬಿಟ್ಟೆ. ಖಾಲಾರ ಕೋಳಿಗಳು ಒಂದಿಷ್ಟು ಕುಕ್ಕಿ ಬೆದರಿಸಿದವು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡೂ ಒಂದೇ ಬೋಗುಣಿಯಲ್ಲಿ ನೀರು ಕುಡಿಯುತ್ತಿದ್ದವು.

ಖಾಲಾ ಅದನ್ನು ನೋಡಿ ಗಾಬರಿಯಾಗಿ, ಇಷ್ಟು ಬೇಗ ಯಾಕೆ ಬಿಟ್ಟೆ ಎಂದು ಕೇಳಿದರು. ತಪ್ಪು ಒಪ್ಪಿಕೊಂಡರೆ ನನ್ನ ಗಂಟೇನು ಹೋಗುತ್ತಿತ್ತೋ ಗೊತ್ತಿಲ್ಲ. "ದನದ ದವಾಖಾನಿಗಿ ಒಯ್ದು ಸೂಜಿ ಮಾಡಿಸೀನ್ರಿ ಖಾಲಾ" ಎಂದುಬಿಟ್ಟೆ. ದವಾಖಾನೆಯ ದಾರಿಯನ್ನೇ ನಾನು ಹಿಡಿದಿರಲಿಲ್ಲ. ಓದಿದವಳ ಮಾತೆಂದು ಅವರು ನಂಬಿದರು.

ನಾಲ್ಕನೆಯ ದಿನ ಹೊಸ ಕೋಳಿಯೊಂದು ಪುಕ್ಕ ಕೆದರಿಕೊಂಡು ಕೂತಿತು. ಮರುದಿನ ಬೆಳಿಗ್ಗೆ ಕುತ್ತಿಗೆ ತಿರುಚಿಕೊಂಡು ಸತ್ತು ಬಿದ್ದಿತ್ತು. ಖಾಲಾ ಏಳುವ ಮೊದಲೇ ಸೀತಾಫಲದ ಗಿಡದ ಬುಡದಲ್ಲಿ ಹೂತೆ. ಒಂದು ಕಡಿಮೆಯಾಗಿದ್ದನ್ನು ಕಂಡು ಅವರು ಕೇಳಿದಾಗ ಬೆಕ್ಕು ಒಯ್ಯಿತು ಎಂದೆ. ಮೊದಲ ಸುಳ್ಳು ಜಂಬಕ್ಕೆ ಹೇಳಿದ್ದು, ಇದು ಅಂಜಿ ಹೇಳಿದ್ದು. ಆ ದಿನವಾದರೂ ನಿಜ ಹೇಳಿದ್ದರೆ ಅವರು ತಮ್ಮವನ್ನು ಒಳಗೆ ಕೂಡಿಹಾಕುತ್ತಿದ್ದರು, ಒಂದೆರಡಾದರೂ ಉಳಿಯುತ್ತಿದ್ದವೇನೋ. ಈಗಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹತ್ತು ದಿನದೊಳಗೆ ಅವರ ಏಳೂ ಹೋದವು. ಕೊನೆಗೆ ಹೋದದ್ದು, ತಾಯಿ ಕೊಟ್ಟ ಆ ಮೊದಲನೆಯದರಂತೆಯೇ ಕರ್ರಗಿದ್ದ ಒಂದು ಹೇಂಟೆ. ಖಾಲಾ ಅದನ್ನು ಮಡಿಲಲ್ಲಿಟ್ಟುಕೊಂಡು ಹನಿಹನಿಯಾಗಿ ನೀರು ಕುಡಿಸುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಹೊರಗೆ ಹೋಗುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ನನ್ನವೂ ಎರಡೇ ಉಳಿದಿದ್ದವು.

ಮರುದಿನ ಖಾಲಾ ಬಿದ್ದ ಗೋಡೆಯ ಹತ್ತಿರ ಬಂದು ನಿಂತರು. ಅತ್ತು ಕಣ್ಣು ಊದಿಕೊಂಡಿದ್ದವು. ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ನೀ ಸೂಜಿ ಮಾಡಿಸಿ ತಂದಿದ್ದಿ. ನನ್ನವಕ್ಕ ನಾ ಎಂದೂ ಮಾಡಿಸಿಲ್ಲ" ಎಂದರು ತಲೆ ತಗ್ಗಿಸಿ. "ನನ್ನವೇ ನಿನ್ನವಕ್ಕ ಬ್ಯಾನಿ ಹಚ್ಚ್ಯಾವ. ಮಾಫ್ ಮಾಡು ಬೇಟಿ."

ನಿಜ ಬಾಯಿಗೆ ಬಂತು. ನುಂಗಿಕೊಂಡೆ.

"ಇರ್ಲಿ ಬಿಡ್ರಿ ಖಾಲಾ" ಎಂದೆ. "ನೀವೇನ್ ಬೇಕಂತ ಮಾಡೀರೇನ್ರಿ."

ಅವರು ನನ್ನ ತಲೆ ನೇವರಿಸಿ ಮನೆಗೆ ಹೋದರು.