ಅರ್ಜಿ ಓದಿಸುತ್ತಿದ್ದ ಲಲಿತಕ್ಕ

ಲಲಿತಕ್ಕನ ಅಂಗಡಿಯಲ್ಲಿ ಅರ್ಜಿ ತುಂಬಿಸಿದ ಯಾರೂ ಅದನ್ನು ಗಟ್ಟಿಯಾಗಿ ಓದದೆ ಮನೆಗೆ ಹೋದದ್ದಿಲ್ಲ. ಕಂಪ್ಯೂಟರಿನಲ್ಲಿ ಎಲ್ಲ ಖಾನೆಗಳೂ ತುಂಬಿದ ಮೇಲೆ ಆಕೆ ಮೌಸಿನಿಂದ ಕೈ ತೆಗೆದು, ಎರಡೂ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡು, ಪರದೆಯನ್ನು ನಮ್ಮ ಕಡೆ ತಿರುಗಿಸಿ "ಓದು" ಎನ್ನುತ್ತಿದ್ದಳು. ಮನಸ್ಸಿನಲ್ಲೇ ಓದಿಕೊಂಡರೆ ನಡೆಯುತ್ತಿರಲಿಲ್ಲ. ಹಿಂದೆ ನಿಂತ ಸಾಲಿಗೆಲ್ಲ ಕೇಳಬೇಕು. ಹೀಗಾಗಿ ಅತ್ತಿಬೆಲೆಯ ನಮ್ಮ ಬೀದಿಯಲ್ಲಿ ಯಾರ ಜಾತಿ ಯಾವುದು, ಯಾರು ಹಿಂದಿಯಲ್ಲಿ ಎಷ್ಟು ತೆಗೆದಿದ್ದಾರೆ, ಯಾರ ಗಂಡನ ಹೆಸರು ರೇಷನ್ ಕಾರ್ಡಿನಲ್ಲೊಂದು ಆಧಾರಿನಲ್ಲೊಂದು ಇದೆ ಎಂಬುದೆಲ್ಲ ಊರಿಗೇ ಗೊತ್ತಿತ್ತು. ಪಿಎಫ್ ಅರ್ಜಿಗೆ ಬಂದಿದ್ದ ದೊಡ್ಡ ಮೀಸೆಯ ಸೆಕ್ಯುರಿಟಿ ಗಾರ್ಡ್ ಒಬ್ಬರು ನಾಮಿನಿಯ ಹೆಸರು ಬಂದಾಗ ದನಿ ತಗ್ಗಿಸಿದರು. "ಜೋರಾಗಿ ಏಳಿ ಅಣ್ಣ, ಎಂಡ್ರ ಎಸ್ರು ತಾನೆ, ಕದ್ದ ಮಾಲಲ್ವಲ್ಲ" ಎಂದು ಲಲಿತಕ್ಕ ಅವರ ಕೈಲಿ ಎರಡು ಸಲ ಓದಿಸಿದಳು.

ಈ ಪದ್ಧತಿಯಿಂದ ಎಷ್ಟೋ ಜನರ ಕೆಲಸ ಉಳಿದದ್ದು ನಿಜ. ಸಾಲಿನಲ್ಲಿ ನಿಂತವರಲ್ಲಿ ಯಾರಾದರೂ ಒಬ್ಬರು, ಅಯ್ಯೋ ನಿಮ್ಮಪ್ಪನ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ ನೋಡಿ, ಎಂದು ಹೇಳಿಯೇ ಹೇಳುತ್ತಿದ್ದರು. ಅಂಗಡಿಯ ಹೊರಗೆ ಆನ್‌ಲೈನ್ ಅರ್ಜಿ, ಜೆರಾಕ್ಸ್, ಲ್ಯಾಮಿನೇಷನ್ ಎಂದು ಬರೆದಿದ್ದರೂ ಜನ ಬರುತ್ತಿದ್ದದ್ದು ಬೈಸಿಕೊಂಡು ಸರಿಯಾಗಿ ಬರೆಸಿಕೊಳ್ಳಲು.

ಲಲಿತಕ್ಕನವರದು ಊರಿನ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಹೋಗಿ, ಬಂದ ಹಣದಲ್ಲಿ ಅಣ್ಣಂದಿರು ಬಾಡಿಗೆ ಮನೆಗಳನ್ನು ಒಂದರ ಮೇಲೊಂದು ಎಬ್ಬಿಸಿದ್ದರು. ಅದೇ ಕಟ್ಟಡದ ಕೆಳಗಿನ ಒಂದು ಮಳಿಗೆ ಇವಳ ಪಾಲು. "ಅಣ್ಣದೀರ್ಗೆ ಬಿಲ್ಡಿಂಗು, ನಂಗೆ ಶಟರು" ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಪಿಯುಸಿ ಮುಗಿಸಿದ ವರ್ಷ ಟೀಚರ್ ಟ್ರೈನಿಂಗಿಗೆ ಸೇರಬೇಕೆಂದು ಅರ್ಜಿ ತಂದು, ತುಂಬಿ, ಅಂಚೆಗೆ ಹಾಕಲು ಅಪ್ಪನ ಕೈಗೆ ಕೊಟ್ಟಿದ್ದಳಂತೆ. ಅಪ್ಪ ಅದನ್ನು ದೇವರ ಗೂಡಿನಲ್ಲಿಟ್ಟು ಒಳ್ಳೆಯ ದಿನ ಕಾದರು. ಮಂಗಳವಾರ ಬೇಡ, ಅಮಾವಾಸ್ಯೆ ಕಳೆಯಲಿ, ಈಗ ರಾಹುಕಾಲ ಎಂದು ದಿನ ದೂಡಿ ದೂಡಿ, ಅರ್ಜಿಗೆ ಕುಂಕುಮ ಹಚ್ಚಿ ಕಳಿಸಿದಾಗ ಕೊನೆಯ ದಿನಾಂಕ ದಾಟಿತ್ತು. ಅಂದಿನಿಂದ ಅವಳಿಗೆ ಎರಡು ವಿಷಯ ಕಂಡರಾಗದು, ಪಂಚಾಂಗ ಮತ್ತು 'ನಾಳೆ ಹಾಕೋಣ ಬಿಡು' ಎನ್ನುವವರು.

ನಾನು ಅವಳ ಅಂಗಡಿಗೆ ಕಾಲಿಟ್ಟದ್ದು ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ. ಅಪ್ಪ ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್. ಆ ವರ್ಷ ಅವರು ವಾರದಲ್ಲಿ ಮೂರು ದಿನ ಮನೆಯಲ್ಲೇ ಕೂತಿರುತ್ತಿದ್ದರು. ಯಾಕೆಂದು ಕೇಳಿದರೆ 'ಡಿಮ್ಯಾಂಡ್ ಇಲ್ಲ' ಎನ್ನುವರು. ಅಷ್ಟೊಂದು ಜನರ ಕೆಲಸ ನಿಲ್ಲಿಸುವ ಈ ಡಿಮ್ಯಾಂಡ್ ಹೋದದ್ದಾದರೂ ಎಲ್ಲಿಗೆ, ಯಾರು ಕಳಿಸಿದರು, ಎಂದು ನನಗೆ ತಲೆ ಕೊರೆಯುತ್ತಿತ್ತು. ಶಾಲೆಯ ಸಮಾಜ ಪುಸ್ತಕದ ಕೊನೆಯಲ್ಲಿ ಇದ್ದ ನಾಲ್ಕು ಅರ್ಥಶಾಸ್ತ್ರದ ಪಾಠಗಳನ್ನು ಮೇಷ್ಟರು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದರೂ ನಾನೇ ಓದಿದ್ದೆ. ಮುಂದೆ ಅದನ್ನೇ ಓದುತ್ತೇನೆ ಎಂದಾಗ ಸೋದರಮಾವ, ಅದನ್ನು ಓದಿ ಏನು ಮಾಡುತ್ತೀಯ, ಬಿ.ಕಾಂ ಮಾಡಿ ಟ್ಯಾಲಿ ಕಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಣ್ಣು ಮುಚ್ಚಿಕೊಂಡು ಹೋದರೂ ಕೆಲಸ ಸಿಗುತ್ತದೆ ಎಂದು ನಕ್ಕರು. ಲಲಿತಕ್ಕ ಮಾತ್ರ ನಗಲಿಲ್ಲ. "ಡಿಮ್ಯಾಂಡ್ ಎಲ್ಲಿಗೋಯ್ತು ಅಂತ ಉಡ್ಕೋಕೂ ಒಂದು ಡಿಗ್ರಿ ಐತಾ? ಇದ್ರೆ ಓದಮ್ಮಿ. ಅದೇನ್ ಕೇಳ್ತಾರೆ ನೋಡೇ ಬಿಡಾನ" ಎಂದು ಕುರ್ಚಿ ಎಳೆದುಕೊಂಡು ಕೂತಳು.

ನಗರದ ವಿಶ್ವವಿದ್ಯಾಲಯವೊಂದರ ಅರ್ಥಶಾಸ್ತ್ರ ಆನರ್ಸ್ ಪದವಿಯ ಮಾಹಿತಿ ಪುಸ್ತಕವನ್ನು ಅವಳು ಪ್ರಿಂಟ್ ತೆಗೆದು, ಸ್ಟೀಲ್ ಸ್ಕೇಲನ್ನು ಸಾಲಿನ ಕೆಳಗಿಟ್ಟು ಓದಿದಳು. ಪಿಯುಸಿಯಲ್ಲಿ ಗಣಿತ ಓದಿರಬೇಕು ಎಂದಿತ್ತು. ನಮ್ಮ ಊರಿನ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಗಣಿತವೇ ಇಲ್ಲ. ವಿಜ್ಞಾನಕ್ಕೆ ಗಣಿತವಿದೆ, ಅರ್ಥಶಾಸ್ತ್ರವಿಲ್ಲ. ಅರ್ಥಶಾಸ್ತ್ರ ಓದುವ ಆಸೆಯಿದ್ದವಳು ಎರಡು ವರ್ಷ ಕಪ್ಪೆ ಕೊಯ್ದುಕೊಂಡು, ಆಸಿಡ್ ಸುರಿದುಕೊಂಡು ಇರಬೇಕು ಎಂಬ ಈ ಏರ್ಪಾಟನ್ನು ಯಾವ ಮಹಾನುಭಾವರು ಮಾಡಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ವಾಣಿಜ್ಯದಲ್ಲಿ ಒಂದು ಗುಂಪಿತ್ತು. ಅದನ್ನು ಎಲ್ಲರೂ ಎಂಇಬಿಎ ಎನ್ನುತ್ತಿದ್ದರು. ಇ ಎಂದರೆ ಎಕನಾಮಿಕ್ಸ್, ಬಿ ಎಂದರೆ ಬಿಸಿನೆಸ್, ಎ ಎಂದರೆ ಅಕೌಂಟೆನ್ಸಿ. "ಎಂ ಅಂದ್ರೆ ಮ್ಯಾಥ್ಸು. ಮುಗೀತಲ್ಲ" ಎಂದಳು ಲಲಿತಕ್ಕ. ಕಾಲೇಜಿನ ಕಚೇರಿಯವರೂ ಹಾಗೇ ಹೇಳಿದರು. ನಾನು ಸೇರಿದೆ.

ಸೇರಿದ ಮೇಲೆ ಕೊಟ್ಟ ಪುಸ್ತಕದ ಮೇಲೆ 'ಬೇಸಿಕ್ ಮ್ಯಾಥ್ಸ್' ಎಂದಿತ್ತು. ಹೆಸರಿನ ಹಿಂದೆ ಒಂದು ಸಣ್ಣ ಮಾತು ಸೇರಿದೆ ಎಂದು ಯಾರಿಗೂ ಏನೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಎರಡು ವರ್ಷ ಮ್ಯಾಟ್ರಿಕ್ಸು, ಲಿಮಿಟ್ಟು, ಡೆರಿವೇಟಿವ್ ಎಲ್ಲ ಬೆವರು ಸುರಿಸಿಯೇ ಕಲಿತೆ. ಒಳ್ಳೆಯ ಅಂಕ ಬಂದವು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಲು ಲಲಿತಕ್ಕನ ಮುಂದೆ ಕೂತೆ. ವಿಷಯಗಳ ಖಾನೆ ಬಂದಾಗ ಅವಳು ಪಟ್ಟಿಯನ್ನು ಕೊನೆಯವರೆಗೆ ಇಳಿಸಿ ಮತ್ತೆ ಮೇಲೆ ತಂದಳು. ಇದರಲ್ಲಿ ಬೇಸಿಕ್ ಅಂತ ಇಲ್ಲವಲ್ಲ, ಬರೀ ಮ್ಯಾಥಮೆಟಿಕ್ಸ್ ಅಂತಿದೆ ಎಂದಳು. ಸಾಲಿನಲ್ಲಿದ್ದ ಹೊಲಿಗೆ ಕಾರ್ಖಾನೆಯ ಹೆಂಗಸೊಬ್ಬರು, ಬೇಸಿಕ್ ಆದರೂ ಲೆಕ್ಕ ಲೆಕ್ಕವೇ ಅಲ್ಲವಾ ಎಂದರು. ಲಲಿತಕ್ಕ ಅದನ್ನೇ ಒತ್ತಿದಳು. ನಂತರ ಎಂದಿನಂತೆ ಕೈ ಕಟ್ಟಿ "ಓದು" ಎಂದಳು. ನಾನು ಅಂಗಡಿಯೆಲ್ಲ ಕೇಳುವಂತೆ ಮ್ಯಾಥಮೆಟಿಕ್ಸ್ ಎಂದು ಓದಿದೆ. ಯಾರೂ ತಡೆಯಲಿಲ್ಲ.

ಪ್ರವೇಶ ಪರೀಕ್ಷೆಯ ಪಟ್ಟಿಯಲ್ಲಿ ನನ್ನ ಹೆಸರು ಬಂತು. ದಾಖಲೆ ಪರಿಶೀಲನೆಯ ದಿನ ಅಪ್ಪನಿಗೆ ಮೊದಲ ಪಾಳಿ, ಅಮ್ಮನಿಗೆ ಕಚೇರಿ ಎಂದರೆ ಕೈಕಾಲು ನಡುಕ. ಲಲಿತಕ್ಕ ಹಬ್ಬವಲ್ಲದ ದಿನ ಶಟರ್ ಎಳೆದು ನನ್ನ ಜೊತೆ ಬಸ್ ಹತ್ತಿದಳು. ಸಿಂಗಸಂದ್ರ ದಾಟುವವರೆಗೂ ಬ್ಯಾಗಿನಲ್ಲಿದ್ದ ಪ್ರತಿಯೊಂದು ಕಾಗದವನ್ನೂ ಎಣಿಸುತ್ತಲೇ ಇದ್ದಳು.

ಮೇಜಿನ ಹಿಂದಿದ್ದ ಅಧಿಕಾರಿ ನನ್ನ ಅಂಕಪಟ್ಟಿಯ ಮೇಲೆ ಪೆನ್ನು ಜಾರಿಸುತ್ತ ಬಂದು ಒಂದು ಕಡೆ ನಿಲ್ಲಿಸಿದರು. ಇದು ಬೇಸಿಕ್ ಮ್ಯಾಥ್ಸ್, ನಮಗೆ ಬೇಕಾದದ್ದು ಮ್ಯಾಥ್ಸ್ ಎಂದರು. ನಾನು ತಪ್ಪು ಮಾಹಿತಿ ಕೊಟ್ಟಿದ್ದೇನೆಂದೂ ಸೇರಿಸಿದರು. ಲಲಿತಕ್ಕ ಮಾಹಿತಿ ಪುಸ್ತಕವನ್ನು ತೆಗೆದು, ಆ ಪುಟ ಬಿಚ್ಚಿ, ಅವರ ಮುಂದಿಟ್ಟಳು.

"ಸಾರ್, ಇದನ್ನೊಂದ್ಸಲ ಗಟ್ಟಿಯಾಗಿ ಓದಿ."

ಅವರು ಯಾಕೋ ಓದಿದರು. ಅಭ್ಯರ್ಥಿಯು ಗಣಿತವನ್ನು ಒಂದು ವಿಷಯವಾಗಿ ಓದಿರಬೇಕು, ಎಂದು.

"ಬೇಸಿಕ್ ಆದ್ರೆ ಆಗಲ್ಲ ಅಂತ ಎಲ್ಲೈತೆ ಸಾರ್?"

ಬರೆದಿಲ್ಲ, ಆದರೆ ಪದ್ಧತಿ ಹಾಗಿದೆ ಎಂದರು. ನಿಯಮ ನಾನು ಮಾಡಿದ್ದಲ್ಲಮ್ಮ ಎಂದೂ ಹೇಳಿದರು. ಕೆಟ್ಟವರೇನಲ್ಲ, ನೀರು ಕುಡಿಯಿರಿ ಎಂದು ಬಾಟಲಿಯನ್ನೂ ಮುಂದಕ್ಕೆ ದೂಡಿದರು.

"ನೀವ್ ಮಾಡಿಲ್ಲ, ನಾನ್ ಮಾಡಿಲ್ಲ, ಈ ಉಡ್ಗಿ ಮಾಡಿಲ್ಲ. ಅಂಗಾದ್ರೆ ಮಾಡ್ದೋರ್ನ ಕರೀರಿ. ನಾವ್ ಕಾಯ್ತೀವಿ."

ಸಂಜೆಯವರೆಗೂ ಕಾರಿಡಾರಿನ ಬೆಂಚಿನ ಮೇಲೆ ಕಾದೆವು. ಮಾಡಿದವರು ಯಾರೂ ಬರಲಿಲ್ಲ. ಬಾಯಿಮಾತು ಬೇಡ, ಯಾಕೆ ಸೀಟು ಕೊಡುವುದಿಲ್ಲ ಎಂದು ಬರೆದುಕೊಡಿ ಎಂದು ಅವಳು ಹಟ ಹಿಡಿದಾಗ, ನನ್ನ ಅರ್ಜಿಯ ಪ್ರತಿಯ ಮೇಲೆ 'ಅರ್ಹರಲ್ಲ' ಎಂದು ಬರೆದು ಮೊಹರು ಒತ್ತಿದರು. ಕಾರಣ ಬರೆಯಲಿಲ್ಲ. ಎರಡು ವರ್ಷದ ಓದಿಗೆ ಒಂದೇ ಒಂದು ಪದ. ಓದಿಯೇ ಇಲ್ಲ ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ, ಅಂಕ ಸಾಲದು ಎಂದಿದ್ದರೂ ತಲೆ ತಗ್ಗಿಸುತ್ತಿದ್ದೆ. ನೀನು ಓದಿದ ಗಣಿತ ಗಣಿತವೇ ಅಲ್ಲ ಎಂದರಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಗಣಿತಕ್ಕೆ ಎರಡು ಜಾತಿ ಮಾಡಿ, ಸರ್ಕಾರಿ ಕಾಲೇಜಿನ ಮಕ್ಕಳಿಗೆ ಒಂದು ಜಾತಿಯದನ್ನೇ ಕಲಿಸಿ, ಆಮೇಲೆ ಬಾಗಿಲಲ್ಲಿ ನಿಂತು ಇನ್ನೊಂದು ಜಾತಿಯದನ್ನು ಕೇಳುವವರಿಗೆ ಏನೆನ್ನಬೇಕು?

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಅತ್ತೆ. ಲಲಿತಕ್ಕ ನನ್ನ ಬ್ಯಾಗನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಇನ್ನೊಂದು ವರ್ಷ ಕೂತು ಬೇರೆ ಬೋರ್ಡಿನಿಂದ ಗಣಿತ ಬರೆಯುತ್ತೇನೆ ಎಂದು ನಾನು ಮನೆಯಲ್ಲಿ ಕೇಳಿನೋಡಿದೆ. ಹೆಣ್ಣುಹುಡುಗಿ ಮನೆಯಲ್ಲಿ ವರ್ಷವಿಡೀ ಕೂತರೆ ನೆಂಟರು ಗಂಡು ತರುತ್ತಾರೆ ಎಂದು ಅಮ್ಮ ಹೆದರಿದಳು. ನಾನು ಹೊಸೂರು ರಸ್ತೆಯ ಪದವಿ ಕಾಲೇಜೊಂದರಲ್ಲಿ ಬಿ.ಕಾಂ ಸೇರಿದೆ. ಮಾವನ ಮಾತೇ ನಡೆಯಿತು.

ಆ ವಾರವೇ ಲಲಿತಕ್ಕನ ಅಂಗಡಿಯ ಮುಂದೆ ಒಂದು ರಟ್ಟು ತೂಗಿತು. 'ಬೇಸಿಕ್ ಮ್ಯಾಥ್ಸ್ ಮ್ಯಾಥ್ಸ್ ಅಲ್ಲ. ಸೇರುವ ಮೊದಲು ಒಳಗೆ ಬಂದು ಕೇಳಿ.' ಖಾಸಗಿ ಪಿಯು ಕಾಲೇಜೊಂದರ ಪ್ರಚಾರದವನು ಟೈ ಕಟ್ಟಿಕೊಂಡು ಬಂದು, ಇದರಿಂದ ನಮ್ಮ ಅಡ್ಮಿಷನ್ನಿಗೆ ತೊಂದರೆಯಾಗುತ್ತಿದೆ ಮೇಡಂ, ತೆಗೆಯಿರಿ ಎಂದ. ಅವಳು ಅವನ ಕೈಲೂ ರಟ್ಟನ್ನು ಗಟ್ಟಿಯಾಗಿ ಓದಿಸಿ, ಇದರಲ್ಲಿ ಯಾವ ಅಕ್ಷರ ಸುಳ್ಳು ತೋರಿಸಿ, ಅದನ್ನು ಮಾತ್ರ ಅಳಿಸುತ್ತೇನೆ ಎಂದಳಂತೆ. ಅವನು ಕಾಫಿಯನ್ನೂ ಕುಡಿಯದೆ ಹೋದ.

ಈಗ ಆ ಮಳಿಗೆಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಲಲಿತಕ್ಕ ಹೋಗಿ ವರ್ಷವಾಯಿತು. ಸಕ್ಕರೆ ಕಾಯಿಲೆ ಕಾಲಿನಿಂದ ಹತ್ತಿತ್ತು. ನಾನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಸಂಬಳದ ವಿಭಾಗದಲ್ಲಿದ್ದೇನೆ. ಮಣ್ಣಿಗೆ ಹೋಗಲು ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಾನು ರಜೆ ಕೇಳಿರಲೇ ಇಲ್ಲ. ಅದಕ್ಕೆ ಕಾರಣ ಅವಳನ್ನು ಕೊನೆಯ ಸಲ ಕಂಡಾಗ ನಡೆದದ್ದು.

ಅವತ್ತು ಅವಳು ಮನೆಯ ಜಗುಲಿಯಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಹಿಂದಿನ ಬೀದಿಯ ಪಂಕಜಳಿಗೆ ಅದೇ ವಿಶ್ವವಿದ್ಯಾಲಯದಲ್ಲಿ ಅದೇ ಅರ್ಥಶಾಸ್ತ್ರದ ಸೀಟು ಸಿಕ್ಕಿದೆ ಎಂದು ಕೇಳಿ ನಾನು ಹೋಗಿದ್ದೆ. ಪಂಕಜ ಓದಿದ್ದೂ ಬೇಸಿಕ್ ಮ್ಯಾಥ್ಸೇ. ಅವಳಿಗೆ ಹೇಗೆ ಸಿಕ್ಕಿತು ಎಂದು ಕೇಳಿದೆ. ಲಲಿತಕ್ಕ ಹೇಳಿದಳು. ವಿಷಯಗಳ ಆ ಪಟ್ಟಿಯ ತೀರ ತಳದಲ್ಲಿ 'ಇತರೆ' ಎಂದು ಒಂದು ಇರುತ್ತದಂತೆ. ಪಂಕಜಳಿಗೆ ಅದನ್ನು ಒತ್ತಿದ್ದಳು. ಅದನ್ನು ಒತ್ತಿದವರ ಕಾಗದ ಒಂದು ಸಮಿತಿಗೆ ಹೋಗಿ, ಅವರು ಪಠ್ಯ ನೋಡಿ ತೀರ್ಮಾನ ಮಾಡುತ್ತಾರಂತೆ.

ನನ್ನ ವರ್ಷವೂ ಅದು ಇತ್ತಾ ಎಂದು ಕೇಳಿದೆ.

"ಇತ್ತು ಕಣಮ್ಮಿ. ನೋಡ್ದೆ. ಎಲ್ಡ್ ವರ್ಸ ರಾತ್ರಿ ಅಗ್ಲು ಓದಿದ್ದೀಯ, ನಿನ್ನ ತಕ್ಕೊಂಡೋಗಿ 'ಇತರೆ' ಒಳಕ್ಕೆ ಆಕೋಕೆ ನಂಗೆ ಮನಸ್ ಬರ್ಲಿಲ್ಲ."

ಗಟ್ಟಿಯಾಗಿ ಓದಿಸುವವಳು ತಾನು ಕಂಡದ್ದನ್ನು ನನಗೆ ಓದಿ ಹೇಳಿರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ, ಬಸ್ಸಿನಲ್ಲಿ, ಆಮೇಲೆ ಅಷ್ಟು ವರ್ಷ, ಒಂದು ಸಲವೂ. ನನಗೆ ಅವಳ ಕಾಲಿನ ಬಟ್ಟೆ ಕಾಣುತ್ತಿತ್ತು, ಬಿಡಕ್ಕ, ಆಗಿದ್ದಾಯ್ತು ಎಂದೆ. ಅವಳು ನನ್ನ ಮುಖವನ್ನು ಅರ್ಜಿ ನೋಡುವ ಹಾಗೆ ನೋಡಿದಳು.

"ಆಗಿದ್ದಾಯ್ತು ಅಂದ್ರೆ ಕ್ವಾಪ ಐತೆ ಅಂತ. ಇರ್ಲಿ, ಮಡಿಕ್ಕೋ. ನನ್ ಮ್ಯಾಲ್ ಬ್ಯಾಡ ಕಣಮ್ಮಿ. ಆ ಪಟ್ಟಿ ಮಾಡ್ದೋರ್ ಮ್ಯಾಲೆ ಮಡಿಕ್ಕೋ."

ತಲೆಯಾಡಿಸಿ ಬಂದೆ. ಮತ್ತೆ ಹೋಗಲಿಲ್ಲ. ಅವಳಷ್ಟು ನನಗಾಗಿ ಯಾರೂ ಜಗಳವಾಡಿಲ್ಲ, ಅದು ಗೊತ್ತು. ಸಿಟ್ಟನ್ನು ಅವಳು ಹೇಳಿದವರ ಮೇಲೂ ಇಟ್ಟುಕೊಂಡಿದ್ದೇನೆ, ಅವಳ ಮೇಲೂ ಇಟ್ಟುಕೊಂಡಿದ್ದೇನೆ.