ತಾಯಣ್ಣ ಕೊರೆದ ಸಿಲಿಂಡರು

ರಾಯಚೂರಿನ ತಾಯಣ್ಣಗ ದೇವರ ಮ್ಯಾಲೆ ಸಿಟ್ಟೇನಿರಲಿಲ್ಲ. ದೇವರಿಗೆ ಇಂಜಿನ್ ಕೆಲಸ ಬರೂದಿಲ್ಲ, ಅಷ್ಟ ಅವನ ತಕರಾರು. ರೈಲ್ವೇ ಶೆಡ್ಡಿನಾಗ ಹನ್ನೆರಡು ವರ್ಷ ಮಿಸ್ತ್ರಿಗಳ ಬೆನ್ನ ಹಿಂದ ನಿಂತು, ಕಣ್ಣಲೇ ಕೆಲಸ ಕದ್ದು ಕಲಿತವ. ಗುಜರಿಗೆ ಬಿದ್ದಿದ್ದ, ಕಬ್ಬಿಣ ಕೊರಿಯೋ ಲೇತೊಂದನ್ನ ತಂದು ಊರ ಹೊರಗಿನ ಕೇರಿಯೊಳಗ ತನ್ನ ಮನಿ ಪಡಸಾಲಿಯೊಳಗ ಕೂಡಿಸಿದ್ದ. ಅದರ ಗಾಲಿ ತಿರುವಾಕಿ ಹೇಣ್ತಿ ಮಾನಮ್ಮ.

ನಲವತ್ಮೂರನೇ ಇಸ್ವಿ, ಯುದ್ಧದ ಕಾಲ. ಮಾನ್ವಿಯೊಳಗ ಹಿಟ್ಟಿನ ಗಿರಣಿ ಇಟ್ಟಿದ್ದ ಮಹಾಂತಯ್ಯನ ಸಣ್ಣ ಇಂಜಿನ್ನಿನ ಸಿಲಿಂಡರು ಸೀಳಿತು. ಮುಂಬಯಿಯಿಂದ ಸಾಮಾನು ಬರೂದು ನಿಂತಿತ್ತು. ತಾಯಣ್ಣ ಬೀಡು ಕಬ್ಬಿಣದ ದಿಂಡು ಹಿಡಿದು ಹೊಸಾದು ಕೊರಿಯಾಕ ಕುಂತ. ಮಾನಮ್ಮ ಇಪ್ಪತ್ತೊಂದು ದಿನ ಗಾಲಿ ತಿರುವಿದಳು, ರಟ್ಟಿ ಬಾತುಹೋದ್ವು. ಅಳತಿಗೂ ಅಕಿ ತಲಿಕೂದಲ ಬೇಕು: ಪಿಸ್ಟನ್ನಿನ ಸಂದಿನಾಗ ಒಂದೆಳಿ ಹೋಗಬೇಕು, ಎರಡು ಹೋಗಬಾರದು.

“ನಾ ಬೋಳಿ ಆದಮ್ಯಾಲೆ ಯಾರ ತಲಿಗೆ ಕೈ ಹಾಕ್ತಿ?” ಅಂತಿದ್ದಳು.

ಇಂಜಿನ್ ಕೂಡಿಸೋ ದಿನ ಮಹಾಂತಯ್ಯ ವಿಭೂತಿ ಗಟ್ಟಿ ಹಿಡಕೊಂಡು ನಿಂತ. ಕೇರಿಯಿಂದ ಬಂದ ಸಾಮಾನಂತ, ಶುದ್ಧಿ ಆಗಬೇಕಂತ.

“ಹೊರಗ ಎಷ್ಟರ ಬಳೀರಿ ಸಾವ್ಕಾರ್ರ, ಒಳಗ ಬ್ಯಾಡ. ಬೂದಿ ಬೀಡನ್ನ ತಿಂತದ. ಒಳಗ ದಿನಾ ಬೆಂಕಿನ ಉರೀತದ, ಅದಕ್ಕಿಂತ ಶುದ್ಧಿ ಯಾವ ಅಯ್ಯನೂ ಮಾಡಲಾರ,” ಅಂದ ತಾಯಣ್ಣ.

ಮಹಾಂತಯ್ಯ ಹೂಂ ಅಂದ. ತಾಯಣ್ಣ ಊರು ದಾಟಿದ್ದ ತಡ, ಇಂಜಿನ್ನಿಗೆ ಎಣ್ಣಿ ಇಳಿಸೋ ಬಟ್ಟಲಕ್ಕ ಮುಷ್ಟಿ ವಿಭೂತಿ ಕಲೆಸಿದ. ಮೂರನೇ ದಿನಕ್ಕ ಇಂಜಿನ್ ಕಿರಚಿ ಬಿಗಿದು ನಿಂತಿತು. ಕುಣೀಲಾರದಾಕಿ ನೆಲ ಡೊಂಕ ಅಂದಂಗ, ಮಹಾಂತಯ್ಯ ಸಂತಿ ಮಂದಿ ಮುಂದ, “ಕೇರಿಯವನ ಕೈಗೆ ಕೊಟ್ಟದ್ದ ತಪ್ಪಾತು,” ಅಂದ. ಆ ಮಾತು ದೇವದುರ್ಗದ ತನಕ ಹೋತು. ಇನ್ನು ಯಾರೂ ಕೆಲಸ ತರೂದಿಲ್ಲ, ಲೇತಿಗೆ ಆಡು ಕಟ್ಟಬೇಕು ಅಂತ ತಾಯಣ್ಣಗ ಅನಿಸ್ತು.

ಮಾನ್ವಿಗೆ ಹೋಗಿ ಎಣ್ಣಿ ಬಟ್ಟಲದ ತಳ ಕೆರೆದ. ಬೆರಳಿಗೆ ಬಿಳೀ ರಾಡಿ ಬಂತು.

“ಇದೇನು ಹಣಿ ಅಂತ ತಿಳದೀರೇನ್ರಿ?”

ಮಹಾಂತಯ್ಯನ ಮಾರಿ ಸಪ್ಪಗಾತು. “ಆಗಿದ್ದಾತು, ಈ ಮಾತು ನಮ್ಮಿಬ್ಬರಾಗ ಇರಲಿ,” ಅಂದ.

“ಮತ್ತ ಕೊರಿಬೇಕು. ಮಾನಮ್ಮನ ರಟ್ಟಿ ಇನ್ನೂ ಇಳಿದಿಲ್ಲ. ಈ ಸಲ ಗಾಲಿ ನೀವ ತಿರುವ್ರಿ.”

ಗಿರಣಿ ಮುಂದ ಜ್ವಾಳದ ಚೀಲ ಸಾಲುಗಟ್ಟಿದ್ವು. ಬ್ಯಾರೆ ದಾರಿ ಇರಲಿಲ್ಲ, ಮಹಾಂತಯ್ಯ ಕೇರಿಗೆ ಬಂದ. ಎರಡನೇ ದಿನ ಮಧ್ಯಾಹ್ನಕ್ಕ ಏದುಸಿರು ಬಿಡಕೋತ ನೀರು ಕೇಳಿದ. ಮಾನಮ್ಮ ಚಂಬು ಕೊಟ್ಟಳು. ಅವ ಓಣಿ ಕಡೆ ಹೊಳ್ಳಿ ನೋಡಿದ. ಅಕಿ ಕದ ಮುಂದಕ್ಕ ಮಾಡಿದಳು.

“ಯಾರೂ ನೋಡಾಕತ್ತಿಲ್ರಿ, ಕುಡೀರಿ.”

ಗಟಗಟ ಕುಡಿದ. ತಾಯಣ್ಣ ಉಳಿ ಕೆಳಗಿಟ್ಟು ಎದ್ದು ಕದ ತೆರೆದ. ಲೇತು ನೋಡಾಕ ಬಂದಿದ್ದ ಓಣಿ ಮಂದಿ ಹೊರಗ ನಿಂತಿದ್ರು.

“ಇನ್ನೊಂದು ಚಂಬು ಕೊಡು,” ಅಂದ ಹೇಣ್ತಿಗೆ. ಆಮ್ಯಾಲೆ ಮಹಾಂತಯ್ಯನ ಕಡೆ ತಿರುಗಿ, “ಮಾತು ಸಂತಿ ಮಂದಿ ಮುಂದ ಆಡಿದ್ರಿ. ನೀರೂ ಮಂದಿ ಮುಂದನ ಕುಡೀರಿ.”

ಮಹಾಂತಯ್ಯ ಮಂದಿನ್ನ ನೋಡಿದ, ಅರ್ಧ ಕೊರೆದ ಸಿಲಿಂಡರು ನೋಡಿದ. ಚಂಬಿಗೆ ಕೈ ಚಾಚಿದ.