ಸಹಿಗೆಂದು ಬಂದ ಅಪ್ಪ

ಬೈಲಹೊಂಗಲದ ಆಸ್ಪತ್ರೆಯೊಂದರಲ್ಲಿ ನಾನು ನರ್ಸು. ಹದಿನೇಳರ ಹುಡುಗಿಯೊಬ್ಬಳ ಮುರಿದ ಕೈಗೆ ಆಪರೇಷನ್ ಮಾಡಿ ರಾಡ್ ಹಾಕಬೇಕಿತ್ತು. ತಾಯಿ ಸತ್ತ ಮೇಲೆ ಅವಳನ್ನು ಸಾಕಿದವಳು ಅಜ್ಜಿ. ಆದರೂ ಆಫೀಸಿನವರು ಅಪ್ಪನ ಸಹಿಯೇ ಬೇಕೆಂದು ಹಟ ಹಿಡಿದರು.

“ಕೂಸಿದ್ದಾಗಿಂದ ನಾನೇ ಇಕೀನ ಸಾಕೀನ್ರಿ. ನನ್ನ ಹೆಬ್ಬಟ್ಟು ನಡಿಯಾಂಗಿಲ್ಲೇನ್ರಿ?” ಎಂದು ಅಜ್ಜಿ ಕೇಳಿದಳು.

ಇನ್ನೊಂದು ಮದುವೆಯಾಗಿ ಎಂ.ಕೆ. ಹುಬ್ಬಳ್ಳಿ ಸೇರಿದ್ದ ಅಪ್ಪನಿಗೆ ಫೋನು ಹಚ್ಚಿದೆ. ಅವನು ಬರುವವರೆಗೂ ಹುಡುಗಿ ಹಲ್ಲು ಕಚ್ಚಿಕೊಂಡು ನೋವು ತಿಂದಳು. ಸಂಜೆ ಬಂದವನು ವಾರ್ಡಿನ ಮೊದಲ ಹಾಸಿಗೆಯ ಬಳಿ ನಿಂತು, ಯಾರದೋ ಮಗಳ ತಲೆ ಸವರಿ, “ಭಾಳ ನೋಯಾಕತ್ತೈತೇನವಾ?” ಎಂದ.

ಕಿಟಕಿ ಪಕ್ಕದ ಹಾಸಿಗೆಯಿಂದ ಇವಳು ನೋಡುತ್ತಲೇ ಇದ್ದಳು. “ಸಿಸ್ಟರ್, ನಾ ಇಲ್ಲಿದ್ದೇನಿ ಅಂತ ಅವರಿಗೆ ಹೇಳ್ರಿ,” ಎಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಆ ಮನುಷ್ಯನನ್ನು ಹೊರಗೆ ದಬ್ಬಬೇಕೆನಿಸಿತು. ಆದರೆ ದಬ್ಬಿದರೆ ಆಪರೇಷನ್ ಇಲ್ಲ. ಪೆನ್ನು ಕೊಟ್ಟು ಜಾಗ ತೋರಿಸಿದೆ. ಸಹಿ ಹಾಕಿದವನು ಬಸ್ಸು ತಪ್ಪುತ್ತದೆಂದು ಹೊರಟೇಬಿಟ್ಟ.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಹುಡುಗಿ ಕೇಳಿದಳು, “ಈ ರಾಡ್ ಯಾವಾಗ ತೆಗಿತಾರ್ರಿ?”

“ಒಂದೂವರೆ ವರ್ಷ ಬಿಟ್ಟು ತೆಗಿತಾರವಾ.”

“ಅಷ್ಟರಾಗ ನನಗ ಹದಿನೆಂಟು ತುಂಬಿರತಾವ. ಅದಕ್ಕ ನಾನೇ ಸಹಿ ಮಾಡತೇನಿ.”

ಅವಳ ಕೈ ಅಷ್ಟರೊಳಗೆ ನೆಟ್ಟಗಾಗಿರುತ್ತದೆ. ನಮ್ಮ ಆಫೀಸಿನ ಬಗ್ಗೆ ಮಾತ್ರ ನಾನು ಆ ಭರವಸೆ ಕೊಡಲಾರೆ.